ಸ್ಪಂಜ್ ಬಿಸ್ಕತ್ತು

ಮೊಟ್ಟೆ, ಸಕ್ಕರೆ, ಮೈದಾಗಳಿಂದ ಬೇಯಿಸುವ, ಬೆರಳಿನಾಕಾರದ ಹಗುರ ಬಿಸ್ಕತ್ತು. ಮೂಲ ಆಲ್ಪ್ಸ್ ತಪ್ಪಲಿನ ಸವಾಯ್ ಸೀಮೆ, ಇಟಲಿಯಲ್ಲಿ ಸಾವೊಯಾರ್ದಿ. ಸಾಂಪ್ರದಾಯಿಕ ಪಾಕದಲ್ಲಿ ಬೆಣ್ಣೆಯಾಗಲಿ ಬೇಕಿಂಗ್ ಪುಡಿಯಾಗಲಿ ಇಲ್ಲ. ಮೊಟ್ಟೆಯ ಬಿಳಿಯನ್ನು ನೊರೆಗಟ್ಟುವಂತೆ ಕಡೆದಾಗ ಸೇರುವ ಗಾಳಿಯೇ ಬಿಸ್ಕತ್ತನ್ನು ಉಬ್ಬಿಸುತ್ತದೆ. ಆ ಗಾಳಿಗೂಡುಗಳಿಂದಾಗಿ ದ್ರವವನ್ನು ಥಟ್ಟನೆ ಹೀರುತ್ತದೆ. ತಿರಮಿಸು, ಟ್ರೈಫಲ್, ಶಾರ್ಲಟ್‌ ಎಂಬ ಸಿಹಿತಿನಿಸುಗಳಿಗೆ ಇದೇ ಆಧಾರ. ತಿರಮಿಸುವಿಗಾಗಿ ಕಾಫಿಯಲ್ಲಿ ಅದ್ದಿ ತಕ್ಷಣ ತೆಗೆಯಬೇಕು, ತಡವಾದರೆ ಮುದ್ದೆ.

100 ಗ್ರಾಂನಲ್ಲಿ ಸುಮಾರು 360ರಿಂದ 400 ಕ್ಯಾಲೊರಿ. ಮೊಟ್ಟೆಯಿಂದ ಪ್ರೋಟೀನ್ ಒದಗುತ್ತದೆ, ಕೊಬ್ಬು ಬೆಣ್ಣೆ ಬಿಸ್ಕತ್ತಿಗಿಂತ ಕಡಿಮೆ. ನಾರು ಅತ್ಯಲ್ಪ, ಸಕ್ಕರೆ ಧಾರಾಳ. ಹಗುರವೆಂದ ಮಾತ್ರಕ್ಕೆ ಮಧುಮೇಹಿಗಳಿಗೆ ಹಿತವೆಂದು ಭಾವಿಸುವುದು ಅಪಾಯ.

ಸ್ಪಂಜ್ ಬಿಸ್ಕತ್ತು ಸಿಗದಿದ್ದರೆ ಬದಲಿ ಬೇಕು. ಸಾಂಗ್ಲಿ, ಮಿರಜ್ ಕಡೆಯ ಚಹಾದ ಜತೆಗಾರರು ಟೋಸ್ಟ್ ಮತ್ತು ಖಾರಿ. ಪದರಪದರವಾಗಿ ಕೊಬ್ಬು ತುಂಬಿದ ಖಾರಿ ಸ್ಪಂಜ್ ಬಿಸ್ಕತ್ತಿಗೆ ಬದಲಿಯಾಗದು. ಕೇಕನ್ನು ಹೋಳುಮಾಡಿ ಮತ್ತೆ ಬೇಯಿಸಿದ ಕೇಕ್ ರಸ್ಕ್ ಚೆನ್ನಾಗಿ ಒದಗುತ್ತದೆ. ಮೊಟ್ಟೆ ತಿನ್ನದವರು ಮೊಟ್ಟೆರಹಿತ ರಸ್ಕನ್ನೇ ಕೇಳಿ ಕೊಳ್ಳಬೇಕು. ತಿರಮಿಸುವಿನ ಮಸ್ಕರ್ಪೋನೆ ಗಿಣ್ಣು ಸಿಗದಿದ್ದರೆ ಶ್ರೀಖಂಡದ ಚಕ್ಕಾಕ್ಕೆ (ನೀರಿಳಿಸಿದ ಗಟ್ಟಿ ಮೊಸರಿಗೆ) ಕೆನೆ ಬೆರೆಸಬಹುದು. ಹುಳಿ ತುಸು ಮುಂದಾಗುತ್ತದೆ, ಆದರೂ ರುಚಿ ಸೊಗಸು. ಬಿಸ್ಕತ್ತನ್ನು ಗಾಳಿಯಾಡದ ಡಬ್ಬಿಯಲ್ಲಿಡಬೇಕು. ಮಳೆಗಾಲದಲ್ಲಿ ಬೇಗ ಮೆತ್ತಗಾಗುತ್ತದೆ.