ಹಿತ್ತಲ ಕೋಳಿಗಳ ಜಾಲರಿ ಆವರಣ: ಬೆಂಗಳೂರಿನ ಹೊರವಲಯ

ಮನೆಯ ಹಿತ್ತಲು, ಅಂಗಳ ಅಥವಾ ತಾರಸಿಯಲ್ಲಿ ಸಾಕಿದ ಕೋಳಿಗಳು ಹಗಲು ಓಡಾಡಲೆಂದು ಗೂಡಿಗೆ ಸೇರಿಸಿ, ಸುತ್ತಲೂ ಮೇಲೂ ಜಾಲರಿ ಹೊದಿಸಿ ಕಟ್ಟಿದ ಜಾಗವೇ ಜಾಲರಿ ಆವರಣ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದಂಥ ಕಡೆ ಕೋಳಿಯನ್ನು ಬಿಟ್ಟು ಮೇಯಿಸುವುದು ಕಷ್ಟ. ಹಾಗಾಗಿ ಅದರ ದಿನವೆಲ್ಲ ಆವರಣದೊಳಗೇ ಕಳೆಯುತ್ತದೆ. ಆವರಣ ಚೆನ್ನಾಗಿದೆಯೇ ಎಂಬುದಕ್ಕೆ ನೋಡಬೇಕಾದ್ದು ಎರಡು: ಒಂದೊಂದು ಕೋಳಿಗೆ ಸಿಗುವ ಜಾಗ ಮತ್ತು ಆ ನೆಲದಲ್ಲಿ ಅದಕ್ಕೆ ಸಿಗುವ ಕೆಲಸ. ಎರಡನೆಯದು ಇಲ್ಲದಿದ್ದರೆ ಮೊದಲನೆಯದು ಎಷ್ಟಿದ್ದರೂ ಸಾಲದು.

ಹಿನ್ನೆಲೆ

ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳ ಕೃಷಿ ವಸಾಹತಾಗಿ ಶುರುವಾದ ಊರು. ಪೀಣ್ಯ ಕೈಗಾರಿಕಾ ಪ್ರದೇಶವೂ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ ಜಮೀನಿನಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಕಟ್ಟಿದ ಎಲೆಕ್ಟ್ರಾನಿಕ್ ಸಿಟಿಯೂ ರೂಪುಗೊಂಡದ್ದು 1970ರ ದಶಕದಲ್ಲಿ. ಹಗದೂರು, ನಲ್ಲೂರಹಳ್ಳಿ, ದೊಡ್ಡತೋಗೂರಿನಂಥ ಹಳ್ಳಿಗಳು ಈಗ ಬಡಾವಣೆಗಳ ನಡುವೆ ಸಿಕ್ಕಿಕೊಂಡಿವೆ. ಹಿಂದೆ ಬೆಳಗಾದರೆ ಮಂಕರಿ ಎತ್ತಿದ ಕೂಡಲೇ ಕೋಳಿಗಳು ತಿಪ್ಪೆ, ಕಣ, ಕೊಟ್ಟಿಗೆಯ ಅಂಚು, ಬೇಲಿಸಾಲು ಎಂದು ಹರಡಿಕೊಳ್ಳುತ್ತಿದ್ದವು. ಸಂಜೆ ತಾವಾಗಿಯೇ ಮರಳುತ್ತಿದ್ದವು. ದನಗಳು ಹೋದ ಮೇಲೆ ತಿಪ್ಪೆಯೂ ಹೋಯಿತು. ಉಳಿದದ್ದು ಕಾಂಪೌಂಡಿಗೂ ಮನೆಗೋಡೆಗೂ ನಡುವಿನ ಸಂದು ಮತ್ತು ತಾರಸಿ.

ಇಲ್ಲಿ ಸಾಕುವುದು ಹೆಚ್ಚಾಗಿ ನಾಟಿ ಕೋಳಿ. ಜೊತೆಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ, ಸ್ವರ್ಣಧಾರ ತಳಿಗಳು ಮತ್ತು ಹೆಸರಘಟ್ಟದ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆಯ ಕಾವೇರಿ. ನಾಟಿ ಹ್ಯಾಟೆ ಹಗುರ. ಎತ್ತರಕ್ಕೆ ಹಾರುತ್ತದೆ, ಸಂದು ಸಿಕ್ಕರೆ ನುಸುಳುತ್ತದೆ. ಗಿರಿರಾಜ ತೂಕದ ಹಕ್ಕಿ. ಎತ್ತರದಿಂದ ಗಟ್ಟಿನೆಲಕ್ಕೆ ಹಾರಿದರೆ ಅದರ ಅಂಗಾಲಿಗೆ ಪೆಟ್ಟಾಗಿ ಬಾವು ಬರುವುದುಂಟು.

ಸಹಜ ವರ್ತನೆ

ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ. ಬ್ರಿಟನ್ನಿನ ಮರಿಯನ್ ಡಾಕಿನ್ಸ್ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೇವು ಪಡೆಯುತ್ತಿದ್ದ ಕಾಡುಕೋಳಿಗಳೂ ಗಮನಿಸಿದ ಒಟ್ಟು ನಿಮಿಷಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ನೆಲ ಕುಕ್ಕುತ್ತಿದ್ದವು. ಕೆದಕುವುದು ಬರೀ ಹಸಿವಿನಿಂದಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ. ಬಟ್ಟಲ ತುಂಬ ಕಾಳಿದ್ದರೂ ಕೋಳಿ ಕಾಲಿನಿಂದ ನೆಲ ಕೆದರಿ, ಒಂದು ಹೆಜ್ಜೆ ಹಿಂದೆ ಸರಿದು, ಬಗ್ಗಿ ನೋಡುತ್ತದೆ.

ಈ ಕೆಲಸಕ್ಕೆ ನೆಲ ಸಿಗದಿದ್ದಾಗ ಕೊಕ್ಕು ಪಕ್ಕದ ಕೋಳಿಯ ಪುಕ್ಕದತ್ತ ತಿರುಗುತ್ತದೆ. ಪುಕ್ಕ ಕೀಳುವ ಚಾಳಿ ನೆಲ ಕುಕ್ಕುವ ವರ್ತನೆಯೇ ದಿಕ್ಕು ತಪ್ಪಿದ ರೂಪ ಎಂಬ ವಾದವನ್ನು ನೆದರ್ಲೆಂಡ್ಸ್‌ನ ಸಂಶೋಧಕರು 1980ರ ದಶಕದಲ್ಲಿ ಮುಂದಿಟ್ಟರು. ಬಾಲದ ಬುಡದಲ್ಲಿ ಪುಕ್ಕ ಉದುರಿ ಚರ್ಮ ಕಂಡರೆ ಅದು ಮೊದಲ ಎಚ್ಚರಿಕೆ. ರಕ್ತ ಕಂಡ ಮೇಲೆ ಉಳಿದವೂ ಅಲ್ಲೇ ಕುಕ್ಕುತ್ತವೆ. ಗಾಯಗೊಂಡದ್ದನ್ನು ಕೂಡಲೇ ಬೇರೆ ಇಡಬೇಕು. ಹುಳು, ಹೇನು, ಪ್ರೋಟೀನ್ ಕೊರತೆಯಿಂದಲೂ ಪುಕ್ಕ ಉದುರುವುದರಿಂದ ಅವನ್ನೂ ಪರೀಕ್ಷಿಸಬೇಕು.

ಜಾಗದ ಲೆಕ್ಕ

ಮನೆಸಾಕಣೆಯಲ್ಲಿ ಸಾಮಾನ್ಯವಾಗಿ ಹೇಳುವ ಅಳತೆ: ರಾತ್ರಿಯ ಗೂಡಿನಲ್ಲಿ ಕೋಳಿಗೆ 2ರಿಂದ 4 ಚದರಡಿ, ಆವರಣದಲ್ಲಿ 8ರಿಂದ 10 ಚದರಡಿ. ಇದು ಕನಿಷ್ಠ, ಇದಕ್ಕಿಂತ ಹೆಚ್ಚಿದ್ದಷ್ಟೂ ಒಳ್ಳೆಯದು. ಕೂರುವ ಅಡ್ಡಗೋಲಿನಲ್ಲಿ ತಲಾ 8 ಅಂಗುಲ ಬೇಕು. ನಾಲ್ಕೈದು ಹ್ಯಾಟೆಗೆ ಮೊಟ್ಟೆ ಇಡಲು ಒಂದು ಪೆಟ್ಟಿಗೆ ಸಾಕು. ವಾಣಿಜ್ಯ ಪಂಜರಗಳ ಮಾತೇ ಬೇರೆ: ಮೊಟ್ಟೆಕೋಳಿಗಳ ಕುರಿತ ಕೇಂದ್ರದ 2023ರ ನಿಯಮ ಪಂಜರದಲ್ಲಿ ತಲಾ ಕನಿಷ್ಠ 550 ಚದರ ಸೆಂಟಿಮೀಟರ್ ಎನ್ನುತ್ತದೆ. ಅದು ಒಂದು ಎ4 ಹಾಳೆಗಿಂತ ಕಡಿಮೆ.

30×40ರ ಸೈಟಿನಲ್ಲಿ ಸಿಗುವ ಸಂದು ಮೂರಡಿ ಅಗಲವಿದ್ದರೆ, 17 ಅಡಿ ಉದ್ದಕ್ಕೆ ಜಾಲರಿ ಕಟ್ಟಿದಾಗ 51 ಚದರಡಿ ಆಗುತ್ತದೆ. ಲೆಕ್ಕಕ್ಕೆ ಐದು ಕೋಳಿಗೆ ಅದು ಸಾಕು. ಆದರೆ ಇಕ್ಕಟ್ಟಿನ ಉದ್ದ ಜಾಗದಲ್ಲಿ ಬೇರೊಂದು ತೊಡಕಿದೆ. ಕೋಳಿಗಳಲ್ಲಿ ಮೇಲುಕೀಳಿನ ಸಾಲು ಇರುತ್ತದೆಂದು ನಾರ್ವೆಯ ಶೆಲ್ಡರುಪ್ ಎಬ್ಬೆ 1920ರ ದಶಕದ ಆರಂಭದಲ್ಲೇ ವಿವರಿಸಿದ್ದರು. ಮೂರಡಿ ಸಂದಿನ ಕೊನೆಯಲ್ಲಿ ಸಿಕ್ಕಿಬಿದ್ದ ಕೆಳಸಾಲಿನ ಹ್ಯಾಟೆಗೆ ತಪ್ಪಿಸಿಕೊಳ್ಳಲು ದಾರಿ ಇರುವುದಿಲ್ಲ. ನಡುವೆ ಓರೆಯಾಗಿ ಹಲಗೆ, ಹಳೇ ಬುಟ್ಟಿ, ಒಂದು ಮೆಟ್ಟಿಲು ಇಟ್ಟರೆ ಕಣ್ಮರೆಯಾಗಲು ಜಾಗ ಸಿಗುತ್ತದೆ. ಮೇವು, ನೀರನ್ನು ಎರಡು ಕಡೆ ಇಡುವುದೂ ಇದೇ ಕಾರಣಕ್ಕೆ: ಎರಡು ಬಟ್ಟಲನ್ನು ಒಂದೇ ಕೋಳಿ ಕಾಯಲಾರದು.

ರಚನೆ

ಬೀದಿನಾಯಿ, ಬೆಕ್ಕು, ಮುಂಗುಸಿ, ಹೆಗ್ಗಣ, ಪುನುಗುಬೆಕ್ಕು, ಹದ್ದು ಇಲ್ಲಿನ ಮುಖ್ಯ ಶತ್ರುಗಳು. ಹಾರ್ಡ್‌ವೇರ್ ಅಂಗಡಿಯ ತೆಳು ಚಿಕನ್ ಮೆಶ್ ಕೋಳಿಯನ್ನು ಒಳಗಿಡುತ್ತದೆ. ಆದರೆ ನಾಯಿಯನ್ನು ಹೊರಗಿಡಲಾರದು. ಅರ್ಧ ಅಂಗುಲ ಕಣ್ಣಿನ ವೆಲ್ಡ್ ಮೆಶ್ ಮೇಲು. ಅದನ್ನು ಒಂದಡಿ ನೆಲದೊಳಗೆ ಹೂತರೆ ಹೆಗ್ಗಣ ಕೊರೆದು ಬರುವುದಿಲ್ಲ. ಆಳು ನೆಟ್ಟಗೆ ನಿಲ್ಲುವಷ್ಟು ಎತ್ತರವಿದ್ದರೆ ಗುಡಿಸುವುದೂ ಸುಲಭ, ಬೇರೆ ಬೇರೆ ಎತ್ತರದಲ್ಲಿ ಅಡ್ಡಗೋಲು ಕಟ್ಟುವುದೂ ಸುಲಭ. ಗಿರಿರಾಜಕ್ಕೆ ಒಂದೂವರೆ ಅಡಿ ಎತ್ತರದ ಗೋಲು ಸಾಕು.

ನೆಲ ಮತ್ತು ಕೆಲಸ

ಬರಿಯ ಸಿಮೆಂಟು ನೆಲ ತೊಳೆಯಲು ಅನುಕೂಲ, ಕೋಳಿಗೆ ನಿರುಪಯೋಗ. ಅದರ ಮೇಲೆ ನಾಲ್ಕರಿಂದ ಆರು ಅಂಗುಲ ಭತ್ತದ ಹೊಟ್ಟು, ಒಣ ತರಗು, ತೆಂಗಿನ ನಾರಿನ ಪುಡಿ ಹರಡಿದರೆ ಕೆದಕಲು ನೆಲ ಸಿಕ್ಕುತ್ತದೆ, ಹಿಕ್ಕೆಯೂ ಅದರಲ್ಲಿ ಬೆರೆತು ಒಣಗುತ್ತದೆ. ಮಳೆಮರ, ಹೊಂಗೆ, ಗುಲ್‌ಮೊಹರ್ ಸಾಲಿನ ಬೀದಿಗಳಲ್ಲಿ ಗುಡಿಸಿ ಸುಡುವ ತರಗೆಲೆ ಇದಕ್ಕೆ ಒದಗುತ್ತದೆ. ಒಂದು ಚೀಲ ತರಗನ್ನು ಹರಡದೆ ನಡುವೆ ಗುಡ್ಡೆಯಾಗಿ ಸುರಿಯಬೇಕು. ಗುಡ್ಡೆಯನ್ನು ಸಮ ಮಾಡುವುದೇ ಕೋಳಿಗಳ ಕೆಲಸ. ಔಷಧಿ ಸಿಂಪಡಿಸಿದ ಅಪಾರ್ಟ್‌ಮೆಂಟ್ ತೋಟಗಳ ಹುಲ್ಲು, ಎಲೆ ಬೇಡ.

ದಿನದ ಕಾಳಿನಲ್ಲಿ ಒಂದು ಹಿಡಿಯನ್ನು ತರಗಿನ ಮೇಲೆ ಎರಚುವುದು ಅತಿ ಅಗ್ಗದ ಉಪಾಯ. ರಾಗಿ ಇದಕ್ಕೆ ಹೇಳಿ ಮಾಡಿಸಿದ್ದು: ಕಾಳು ಸಣ್ಣದು, ಹೊಟ್ಟಿನ ಸಂದಿಗೆ ಇಳಿಯುತ್ತದೆ, ಒಂದೊಂದಾಗಿ ಹುಡುಕಬೇಕಾಗುತ್ತದೆ. ನುಗ್ಗೆ, ಅಗಸೆ, ದಂಟಿನ ಸೊಪ್ಪನ್ನು ನೆಲಕ್ಕೆ ಹಾಕುವ ಬದಲು ಕಟ್ಟು ಮಾಡಿ ಕೋಳಿಯ ತಲೆಯ ಎತ್ತರಕ್ಕಿಂತ ತುಸು ಮೇಲೆ ತೂಗುಹಾಕಿದರೆ ಎಳೆದೆಳೆದು ತಿನ್ನುತ್ತವೆ. ಗೊಬ್ಬರದ ಗುಂಡಿಯ ಗೊಣ್ಣೆಹುಳು, ಮರಿಗಳಿಗೆ ಗೆದ್ದಲು ಹಳ್ಳಿಗರಿಗೆ ಗೊತ್ತಿರುವ ಮೇವು. ತಿಂಗಳಿಗೊಮ್ಮೆ ಅಡ್ಡಗೋಲು, ಬುಟ್ಟಿಗಳ ಜಾಗ ಬದಲಿಸುವುದರಿಂದಲೂ ಹೊಸತನ ಬರುತ್ತದೆ.

ಮಣ್ಣಿನಲ್ಲಿ ಹೊರಳಾಡುವುದು ಕೋಳಿಗೆ ಸ್ನಾನ. ಕುಳಿ ತೋಡಿ ಕೂತು, ಪುಕ್ಕ ಕೆದರಿ, ರೆಕ್ಕೆಯಿಂದ ಹುಡಿ ಎಬ್ಬಿಸಿ ಮೈಯೊಳಗೆ ಇಳಿಸಿಕೊಂಡು, ಪಕ್ಕಕ್ಕೆ ಮಗುಚಿ ಉಜ್ಜಿ, ಕೊನೆಗೆ ಎದ್ದು ಒಮ್ಮೆ ಜೋರಾಗಿ ಕೊಡವುತ್ತದೆ. ಸಾಮಾನ್ಯವಾಗಿ ದಿನ ಬಿಟ್ಟು ದಿನ ಹಗಲಿನ ನಡುಹೊತ್ತಿನಲ್ಲಿ ಹೀಗೆ ಮಾಡುತ್ತದೆ. ಪುಕ್ಕದ ಹೆಚ್ಚಿನ ಜಿಡ್ಡು ಹೋಗುತ್ತದೆ, ಹೇನೂ ಕಡಿಮೆಯಾಗುತ್ತದೆ. ಮಳೆ ತಾಗದ ಮೂಲೆಯಲ್ಲಿ ಹಳೇ ಟಬ್ ಇಟ್ಟು ಒಂದಡಿ ಒಣ ಕೆಮ್ಮಣ್ಣು, ಮರಳು, ಸ್ವಲ್ಪ ಸೌದೆಬೂದಿ ತುಂಬಿದರೆ ಆಯಿತು.

ಮಣ್ಣು, ನೀರು

ಕೆದಕುವ ಕೋಳಿ ಮಣ್ಣನ್ನೂ ತಿನ್ನುತ್ತದೆ. ಮಣ್ಣಿನಲ್ಲಿರುವುದು ಮೊಟ್ಟೆಗೂ ಬರುತ್ತದೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಿತ್ತಲ ಕೋಳಿಗಳ ಮೊಟ್ಟೆಯ ಸೀಸದ ಪ್ರಮಾಣ ಅಂಗಡಿ ಮೊಟ್ಟೆಗಿಂತ ಸರಾಸರಿ 40 ಪಟ್ಟು ಹೆಚ್ಚಿತ್ತು. ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಿರುವ ಪೀಣ್ಯದಲ್ಲಿ ಅಂತರ್ಜಲಕ್ಕೆ ಕ್ರೋಮಿಯಂ ಸೇರಿರುವುದು ಹಳೆಯ ಸಮಸ್ಯೆ. ಕಾರ್ಖಾನೆ, ಗ್ಯಾರೇಜು, ಬ್ಯಾಟರಿ ಅಂಗಡಿ, ಕಸ ಸುಟ್ಟ ಜಾಗದ ಪಕ್ಕದ ಮಣ್ಣನ್ನು ನಂಬುವಂತಿಲ್ಲ. ಅಂಥ ಕಡೆ ಸ್ಥಳೀಯ ಮಣ್ಣಿನ ಮೇಲೆ ಕಲ್ಲುಹಾಸು ಅಥವಾ ಸಿಮೆಂಟು ಹಾಕಿ, ಶುದ್ಧ ಜಾಗದಿಂದ ತಂದ ಮಣ್ಣು, ಹೊಟ್ಟು ಹರಡಬೇಕು. ಕುಡಿಯಲು ಬೋರ್‌ವೆಲ್ ನೀರಿನ ಬದಲು ಕಾವೇರಿ ನೀರು ಕೊಡಬೇಕು.

ಹವಾಮಾನ, ರೋಗ, ನೆರೆಹೊರೆ

ಕೋಳಿಗೆ ಬೆವರುಗ್ರಂಥಿ ಇಲ್ಲ. ಸೆಕೆಯಲ್ಲಿ ಬಾಯಿ ತೆರೆದು ಏದುಸಿರು ಬಿಡುತ್ತದೆ. ಬೆಂಗಳೂರಿನಲ್ಲಿ 2016ರ ಏಪ್ರಿಲ್ 24ರಂದು 39.2 ಡಿಗ್ರಿ ದಾಖಲಾಗಿತ್ತು. ಆವರಣದ ಅರ್ಧಕ್ಕಾದರೂ ಶೇಡ್ ನೆಟ್ ಅಥವಾ ಬಳ್ಳಿಯ ನೆರಳು ಬೇಕು. ತಾರಸಿಯಲ್ಲಿ ಬಿಸಿಯೇರುವ ತಗಡಿನ ಚಾವಣಿ ಬೇಡ. ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ನೆಂದ ಹೊಟ್ಟು ಅಮೋನಿಯಾ ವಾಸನೆ ಬಿಡುತ್ತದೆ, ಮರಿಗಳಿಗೆ ರಕ್ತಭೇದಿ ತರುತ್ತದೆ. ಅದನ್ನು ತೆಗೆದು ಒಣ ಹೊಟ್ಟು ಹಾಕಬೇಕು.

ಕೊಕ್ಕರೆ ರೋಗಕ್ಕೆ ಲಸಿಕೆ ಹಾಕಿಸುವುದನ್ನು ತಪ್ಪಿಸಬಾರದು. 2012ರ ಅಕ್ಟೋಬರಿನಲ್ಲಿ ಹೆಸರಘಟ್ಟದ ಕೇಂದ್ರದಲ್ಲೇ ಟರ್ಕಿ ಕೋಳಿಗಳಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತ್ತು. 2025ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೂ ಕಂಡಿತು. ಮೇಲೂ ಜಾಲರಿ ಹೊದಿಸುವುದರ ಇನ್ನೊಂದು ಪ್ರಯೋಜನ ಇಲ್ಲಿದೆ: ರೋಗ ತರಬಲ್ಲ ಪಾರಿವಾಳ, ಕಾಗೆ ಮೇವಿನ ಬಟ್ಟಲಿಗೆ ಬರುವುದಿಲ್ಲ.

ಮೊಟ್ಟೆಗೆ ಹುಂಜ ಬೇಕಿಲ್ಲ. ಒತ್ತೊತ್ತಾಗಿ ಮನೆಗಳಿರುವ ಬೀದಿಯಲ್ಲಿ ನಸುಕಿನ ಕೂಗು ಜಗಳಕ್ಕೆ ಕಾರಣವಾಗುತ್ತದೆ. ಅಪಾರ್ಟ್‌ಮೆಂಟ್‌ಗಳಲ್ಲಿ ಸಂಘದ ನಿಯಮ ಕೇಳಿಕೊಂಡೇ ಶುರುಮಾಡುವುದು ಒಳಿತು. ಜಾಗ ಐದಕ್ಕೆ ಸಾಲುವಂತಿದ್ದರೆ ನಾಲ್ಕೇ ಸಾಕಬೇಕು. ಕಾವಿಗೆ ಕೂತ ಹ್ಯಾಟೆಗೋ ಗಾಯಗೊಂಡದ್ದಕ್ಕೋ ಬೇರೆ ಮೂಲೆ ಬೇಕಾದಾಗ ಉಳಿಸಿದ ಆ ಹತ್ತು ಚದರಡಿ ಒದಗುತ್ತದೆ.