ತಾಲ್ಲೂಕು ಒಡೆದಾಗ ತಂತ್ರಾಂಶಕ್ಕೆ ತಿಳಿಯಬೇಕಾದದ್ದು

ಬೀದರ್ ಜಿಲ್ಲೆಯಲ್ಲಿ ಬಹುಕಾಲ ಐದೇ ತಾಲ್ಲೂಕುಗಳಿದ್ದವು: ಬೀದರ್, ಭಾಲ್ಕಿ, ಔರಾದ್, ಬಸವಕಲ್ಯಾಣ, ಹುಮನಾಬಾದ್. ಕಳೆದ ದಶಕದ ಕೊನೆಯಲ್ಲಿ ರಾಜ್ಯ ಸರ್ಕಾರ ಹೊಸ ತಾಲ್ಲೂಕುಗಳನ್ನು ರಚಿಸಿದಾಗ ಬಸವಕಲ್ಯಾಣದಿಂದ ಹುಲಸೂರು, ಹುಮನಾಬಾದಿನಿಂದ ಚಿಟಗುಪ್ಪ, ಔರಾದಿನಿಂದ ಕಮಲನಗರ ಬೇರೆಯಾಗಿ ಐದು ಎಂಟಾಯಿತು. ಹೊಲ ಇದ್ದಲ್ಲೇ ಇದೆ, ಬದು ಸರಿದಿಲ್ಲ, ಸರ್ವೆ ನಂಬರೂ ಹಳೆಯದೇ. ಆದರೆ ಪಹಣಿಯ ತಲೆಬರಹದಲ್ಲಿ ಅಚ್ಚಾಗಬೇಕಾದ ತಾಲ್ಲೂಕಿನ ಹೆಸರು ಬೇರೆಯಾಯಿತು, ಕಡತ ಹೋಗಬೇಕಾದ ತಹಶೀಲ್ದಾರ್ ಕಚೇರಿ ಬೇರೆಯಾಯಿತು. ಜಾತಿ-ಆದಾಯ ಪ್ರಮಾಣಪತ್ರ, ಪಡಿತರ ಚೀಟಿ, ಬೆಳೆ ವಿಮೆ, ಹೀಗೆ ತಾಲ್ಲೂಕಿನ ಸಂಕೇತಸಂಖ್ಯೆಯನ್ನು ನೆಚ್ಚಿಕೊಂಡ ಪ್ರತಿಯೊಂದು ತಂತ್ರಾಂಶಕ್ಕೂ ಆ ಸಂಗತಿ ತಿಳಿಯಬೇಕಾಯಿತು. ಯಾವ ದಿನದಿಂದ ತಿಳಿಯಬೇಕು? ಅದಕ್ಕೂ ಮೊದಲು ಕೊಟ್ಟ ದಾಖಲೆಗಳ ಗತಿ ಏನು? ಒಂದು ಇಲಾಖೆ ಹೊಸ ಪಟ್ಟಿಯನ್ನೂ ಇನ್ನೊಂದು ಹಳೆಯ ಪಟ್ಟಿಯನ್ನೂ ಹಿಡಿದಿರುವ ನಡುಗಾಲದಲ್ಲಿ ಯಾವುದನ್ನು ನಂಬಬೇಕು? ಇಂಥ ಪ್ರಶ್ನೆಗಳನ್ನು ತಂತ್ರಾಂಶ ಬರೆಯುವ ಮೊದಲೇ ಇತ್ಯರ್ಥ ಮಾಡಿಟ್ಟುಕೊಳ್ಳುವ ವಿದ್ಯೆಗೆ ಕಾನ್ಫಿಗರೇಶನ್ ಮ್ಯಾನೇಜ್‌ಮೆಂಟ್ ಎಂದು ಹೆಸರು. ಅದರ ಆರು ದಶಕಗಳ ಚರಿತ್ರೆಯನ್ನು ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ಕಡೆಯಿಂದ ನೋಡಿದರೆ ಅದು ನಡುದಾರಿಯಲ್ಲಿ ಬರೀ ಕೋಡಿನ ಕಾವಲಾಗಿ ಕುಗ್ಗಿದ್ದು ಕಾಣುತ್ತದೆ. ನಮ್ಮ ಆಡಳಿತದಲ್ಲಿ ಕೋಡಿಗಿಂತ ಹೆಚ್ಚಾಗಿ ಬದಲಾಗುವುದು ಊರಿನ ಎಲ್ಲೆ, ಲಿಪಿಯ ಸಂಕೇತ, ನಿಯಮ ಮತ್ತು ಅಧಿಕಾರ. ಯೋಜನೆ ಶುರುವಾಗಬೇಕಾದದ್ದು ಅವುಗಳಿಂದ.

ಹುಟ್ಟಿದಾಗ ಈ ವಿದ್ಯೆ ಇಷ್ಟು ಕಿರಿದಾಗಿರಲಿಲ್ಲ. 1950ರ ದಶಕದಲ್ಲಿ ಅಮೆರಿಕ ಕ್ಷಿಪಣಿಗಳನ್ನು ಅವಸರದಿಂದ ಕಟ್ಟುತ್ತಿದ್ದಾಗ ಒಂದು ತೊಡಕು ಎದುರಾಯಿತು. ಪರೀಕ್ಷೆಯಲ್ಲಿ ಗೆದ್ದ ಕ್ಷಿಪಣಿಯಂಥದ್ದೇ ಇನ್ನೊಂದನ್ನು ಕಟ್ಟಬೇಕೆಂದರೆ ಅದರೊಳಗೆ ನಿಜವಾಗಿ ಏನೇನಿತ್ತು ಎಂದು ಹೇಳುವ ನಕ್ಷೆ ಇರುತ್ತಿರಲಿಲ್ಲ. ನಕ್ಷೆ ಒಂದು ಹೇಳಿದರೆ ಕಟ್ಟಿದ್ದು ಇನ್ನೊಂದಾಗಿರುತ್ತಿತ್ತು. ಅಮೆರಿಕದ ವಾಯುಪಡೆ 1962ರಲ್ಲಿ ಇದಕ್ಕಾಗಿಯೇ ಒಂದು ಕೈಪಿಡಿ ಹೊರಡಿಸಿತು. 1968ರಲ್ಲಿ ಸೇನಾ ಮಾನಕ ಬಂತು. ಆಗ ಬೇರೂರಿದ ನಾಲ್ಕು ಕೆಲಸಗಳು ಇಂದಿಗೂ ಉಳಿದಿವೆ: ಯಾವುದನ್ನು ಕಾಯಬೇಕೆಂದು ಹೆಸರಿಟ್ಟು ಗುರುತಿಸುವುದು, ಒಪ್ಪಿಗೆಯಿಲ್ಲದೆ ಅದು ಬದಲಾಗದಂತೆ ನೋಡಿಕೊಳ್ಳುವುದು, ಯಾವಾಗ ಏನು ಬದಲಾಯಿತೆಂದು ಬರೆದಿಡುವುದು, ಬರೆದದ್ದೂ ಇರುವುದೂ ಒಂದೇ ಹೌದೇ ಎಂದು ತಪಾಸಣೆ ಮಾಡುವುದು. ಆಗ ಕಾಯುತ್ತಿದ್ದ ವಸ್ತು ತಿರುಪಿನಿಂದ ಹಿಡಿದು ಕೈಪಿಡಿಯವರೆಗಿನ ಇಡೀ ಸಾಮಗ್ರಿ.

ತಂತ್ರಾಂಶಕ್ಕೆ ಇದು ಬಂದದ್ದು ಉಪಕರಣಗಳ ಮೂಲಕ. ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರಾಕ್‌ಕೈಂಡ್ 1972ರಲ್ಲಿ ಕೋಡಿನ ಆವೃತ್ತಿಗಳನ್ನು ಕಾಯುವ ಎಸ್‌ಸಿಸಿಎಸ್ ಬರೆದರು; 1976ರಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ನರ ಮೇಕ್, 1980ರ ದಶಕದಲ್ಲಿ ವಾಲ್ಟರ್ ಟಿಖಿಯವರ ಆರ್‌ಸಿಎಸ್ ಮತ್ತು ಡಿಕ್ ಗ್ರೂನ್‌ರ ಸಿವಿಎಸ್ ಬಂದವು. 1983ರಲ್ಲಿ ಐಇಇಇ ಸಂಸ್ಥೆ ಕಾನ್ಫಿಗರೇಶನ್ ಮ್ಯಾನೇಜ್‌ಮೆಂಟ್ ಯೋಜನೆ ಹೇಗಿರಬೇಕೆಂದು 828ನೆಯ ಸಂಖ್ಯೆಯ ಮಾನಕ ಪ್ರಕಟಿಸಿತು. ಯಾರು ಹೊಣೆ, ಯಾವ ಕೆಲಸ, ಯಾವ ಹಂತದಲ್ಲಿ, ಯಾವ ಸಾಧನದಿಂದ, ಯೋಜನೆಯನ್ನೇ ತಿದ್ದಬೇಕಾದರೆ ಹೇಗೆ ಎಂಬುದನ್ನೆಲ್ಲ ಅದು ಕೇಳುತ್ತದೆ. ಅದೇ ದಶಕದಲ್ಲಿ, 1986ರ ತಮ್ಮ ಪುಸ್ತಕದಲ್ಲಿ, ವೇಯ್ನ್ ಬಾಬಿಚ್ ತಂಡದ ಕೆಲಸದಲ್ಲಿ ಮರುಕಳಿಸುವ ಮೂರು ತೊಂದರೆಗಳನ್ನು ಗುರುತಿಸಿದರು: ಒಂದೇ ವಸ್ತುವಿನ ಎರಡು ಪ್ರತಿಗಳನ್ನು ಬೇರೆಬೇರೆಯಾಗಿ ಸಾಕುವುದು, ಒಬ್ಬರು ತಿದ್ದಿದ್ದು ಎಲ್ಲರ ಕೆಲಸ ಕೆಡಿಸುವುದು, ಇಬ್ಬರು ಒಟ್ಟಿಗೆ ತಿದ್ದಿ ಒಬ್ಬರದು ಅಳಿಸಿಹೋಗುವುದು. 1990ರ ದಶಕದಲ್ಲಿ ತಂತ್ರಾಂಶ ಸಂಸ್ಥೆಗಳ ಪಕ್ವತೆಯನ್ನು ಹಂತಗಳಲ್ಲಿ ಅಳೆಯುವ ಸಿಎಂಎಂ ಮಾದರಿ ಈ ವಿದ್ಯೆಯನ್ನು ಎರಡನೆಯ ಹಂತದ ಕಡ್ಡಾಯ ಅಂಗ ಮಾಡಿತು. ಬೆಂಗಳೂರಿನ ಕಂಪನಿಗಳು ಆ ಹಂತಗಳನ್ನು ಜಗತ್ತಿನಲ್ಲೇ ಮೊದಲಿಗರ ಸಾಲಿನಲ್ಲಿ ಏರಿದವು, ಮೊಟೊರೊಲಾದ ಬೆಂಗಳೂರು ಘಟಕ ಐದನೆಯ ಹಂತ ಮುಟ್ಟಿತು. ಆ ಶಿಸ್ತು ಹೊರದೇಶದ ಗ್ರಾಹಕರಿಗಾಗಿ ಬೆಳೆಯಿತು. ನಮ್ಮ ತಾಲ್ಲೂಕು ಕಚೇರಿಗಳು ಅದೇ ಪಾಠವನ್ನು ಬೇರೆ ದಾರಿಯಲ್ಲಿ, ಹೆಚ್ಚಿನ ಬೆಲೆ ತೆತ್ತು ಕಲಿಯಬೇಕಾಯಿತು.

ಆ ದಾರಿಯೇ ಭೂದಾಖಲೆಗಳ ಗಣಕೀಕರಣ. ಕರ್ನಾಟಕದಲ್ಲಿ ಇದರ ಮೊದಲ ಪ್ರಯೋಗ ಕೇಂದ್ರದ ನೆರವಿನಿಂದ 1991ರಲ್ಲಿ ನಡೆದದ್ದು ಬೀದರಿನ ನೆರೆಯ ಗುಲ್ಬರ್ಗಾ ಜಿಲ್ಲೆಯಲ್ಲಿ. ಪಹಣಿಗಳನ್ನು ಒಮ್ಮೆ ಗಣಕಕ್ಕೆ ತುಂಬಲಾಯಿತು. ಆಮೇಲೆ ಆದ ಖರೀದಿ, ಪಾಲು, ವಾರಸಾ ಬದಲಾವಣೆಗಳು ಗ್ರಾಮಲೆಕ್ಕಿಗರ ಪುಸ್ತಕದಲ್ಲಿ ಏರಿದವೇ ಹೊರತು ಗಣಕದಲ್ಲಿ ಏರಲಿಲ್ಲ. ಕೆಲವೇ ಕಾಲದಲ್ಲಿ ಗಣಕದಲ್ಲಿದ್ದದ್ದು ಕೆಲಸಕ್ಕೆ ಬಾರದ ಹಳೆಯ ಪ್ರತಿಯಾಯಿತು. ಬಾಬಿಚ್ ಹೇಳಿದ ಮೊದಲನೆಯ ತೊಂದರೆ ಇದೇ. ಅಲ್ಲಿ ಸೋತದ್ದು ಯಂತ್ರವೂ ಅಲ್ಲ, ಬೆರಳಚ್ಚುಗಾರರೂ ಅಲ್ಲ. ಎರಡು ಪ್ರತಿಗಳಲ್ಲಿ ಯಾವುದು ಅಸಲು ಎಂದು ಯಾರೂ ಗೊತ್ತುಮಾಡಿರಲಿಲ್ಲ. 2000ದ ಹೊತ್ತಿಗೆ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, ಕೇಂದ್ರ ಸರ್ಕಾರದ ಗಣಕ ಸಂಸ್ಥೆಯಾದ ಎನ್‌ಐಸಿ ಬರೆದ ತಂತ್ರಾಂಶದೊಂದಿಗೆ ಬಂದ ‘ಭೂಮಿ’ ಯೋಜನೆ ಈ ಗಂಟನ್ನೇ ಮೊದಲು ಬಿಡಿಸಿತು. ಒಂದು ತಾಲ್ಲೂಕಿನಲ್ಲಿ ಗಣಕೀಕೃತ ಪಹಣಿ ಜಾರಿಯಾದ ದಿನದಿಂದ ಕೈಬರಹದ ಪಹಣಿಗೆ ಅಲ್ಲಿ ಮಾನ್ಯತೆ ಇಲ್ಲವೆಂದು ಸರ್ಕಾರ ಆದೇಶಿಸಿತು. ತಂತ್ರಜ್ಞರು ಬೇಸ್‌ಲೈನ್ ಎಂದು ಕರೆಯುವ ಗೆರೆಯನ್ನು ಇಷ್ಟು ಖಚಿತವಾಗಿ, ಕಾನೂನಿನ ಬಲದಿಂದ ಎಳೆದ ಉದಾಹರಣೆ ಖಾಸಗಿ ಕಂಪನಿಗಳಲ್ಲೂ ಅಪರೂಪ. ಸುಮಾರು 2 ಕೋಟಿ ಪಹಣಿ, 67 ಲಕ್ಷ ಭೂಮಾಲೀಕರು, 9,000 ಗ್ರಾಮಲೆಕ್ಕಿಗರ ಕೈಯಲ್ಲಿ ಹರಡಿದ್ದ ಪುಸ್ತಕಗಳು ಆ ಗೆರೆಯ ಈಚೆ ಬಂದವು. ರೈತ 15 ರೂಪಾಯಿಗೆ ಪ್ರತಿ ಪಡೆಯುವಂತಾಯಿತು.

ಬದಲಾವಣೆಯ ನಿಯಂತ್ರಣದಲ್ಲೂ ‘ಭೂಮಿ’ ಪಾಠ ಹೇಳುತ್ತದೆ. ಪಹಣಿಯ ಹೆಸರು ಬದಲಾಗಬೇಕಾದರೆ ಅರ್ಜಿ ದಾಖಲಾಗಬೇಕಿತ್ತು, ನೋಟಿಸು ಹೊರಡಬೇಕಿತ್ತು, ಕಂದಾಯ ನಿರೀಕ್ಷಕರ ಆದೇಶವಾಗಬೇಕಿತ್ತು, ಆಮೇಲಷ್ಟೇ ಗಣಕದಲ್ಲಿ ತಿದ್ದುಪಡಿ. ಗಣಕದ ಮುಂದೆ ಕೂತವರು ಯಾರೆಂದು ಬೆರಳಚ್ಚಿನಿಂದ ದಾಖಲಾಗುತ್ತಿತ್ತು, ಅರ್ಜಿಗಳು ಬಂದ ಸರದಿಯಲ್ಲೇ ಸಾಗಬೇಕಿತ್ತು. ಬದಲಾವಣೆ ಕೋರುವವರು, ಒಪ್ಪುವವರು, ಮಾಡುವವರು ಬೇರೆಬೇರೆ ಇರಬೇಕೆಂದು ಮಾನಕಗಳು ಹೇಳುವುದನ್ನು 1964ರ ಭೂಕಂದಾಯ ಅಧಿನಿಯಮ ತನ್ನದೇ ಭಾಷೆಯಲ್ಲಿ ಹೇಳಿತ್ತು. ತಂತ್ರಾಂಶ ಅದನ್ನು ತಪ್ಪಿಸಿಕೊಳ್ಳಲಾಗದಂತೆ ಮಾಡಿತು. ಆದರೆ ಇನ್ನೊಂದು ಮಗ್ಗುಲಿನಲ್ಲಿ ಹೊಸ ಹೊರೆ ಹುಟ್ಟಿತು. ಆರಂಭದಲ್ಲಿ ಪ್ರತಿ ತಾಲ್ಲೂಕಿಗೂ ತನ್ನದೇ ಸರ್ವರ್. ಬಸವಕಲ್ಯಾಣದ ಯಂತ್ರದಲ್ಲಿರುವ ಆವೃತ್ತಿಯೂ ಹುಮನಾಬಾದಿನ ಯಂತ್ರದಲ್ಲಿರುವುದೂ ಒಂದೇ ಎಂದು ಖಾತ್ರಿಪಡಿಸಿಕೊಳ್ಳಬೇಕಾದ ಕೆಲಸ ರಾಜ್ಯದ 170ಕ್ಕೂ ಹೆಚ್ಚು ತಾಲ್ಲೂಕುಗಳಲ್ಲಿ ಹರಡಿತು. ಕನ್ನಡ ಅಕ್ಷರಗಳ ಸಂಕೇತವೂ ಆಗ ಇಂದಿನದಲ್ಲ: ‘ನುಡಿ’ಯಂಥ ಫಾಂಟ್ ಆಧಾರಿತ ಸಂಕೇತದಲ್ಲಿ ಬರೆದದ್ದನ್ನು ಯೂನಿಕೋಡಿಗೆ ತರುವಾಗ ಒತ್ತಕ್ಷರ, ಅರ್ಕಾವತ್ತು ತಪ್ಪಿದರೆ ಮಾಲೀಕರ ಹೆಸರೇ ಬೇರೆಯಾಗುತ್ತದೆ. ಹಾಗಾಗಿ ಫಾಂಟೂ ಪರಿವರ್ತಕವೂ ಅದರ ಆವೃತ್ತಿಯೂ ಕಾಯಬೇಕಾದ ವಸ್ತುಗಳೇ, ಕೋಡಿನಷ್ಟೇ.

ಆವೃತ್ತಿಗಳ ಲೆಕ್ಕ ಇಡುವುದೆಂದರೇನೆಂದು ಕಲ್ಯಾಣದ, ಅಂದರೆ ಇಂದಿನ ಬಸವಕಲ್ಯಾಣದ, ನೆಲಕ್ಕೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಅನುಭವ ಮಂಟಪದ ಸಂವಾದಗಳನ್ನು ಕಟ್ಟಿಕೊಟ್ಟ ಶೂನ್ಯಸಂಪಾದನೆಗೆ ನಾಲ್ಕು ಪರಿಷ್ಕರಣಗಳಿವೆ: ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರದು. ಸಿದ್ಧರಾಮನ ದೀಕ್ಷೆಯಂಥ ಪ್ರಸಂಗದಲ್ಲಿ ಅವು ಒಂದನ್ನೊಂದು ಒಪ್ಪುವುದಿಲ್ಲ. ಆದರೆ ಪ್ರತಿಯೊಂದಕ್ಕೂ ಪರಿಷ್ಕರಿಸಿದವರ ಹೆಸರಿದೆ, ಮೊದಲಿನದು ಯಾವುದು ಆಮೇಲಿನದು ಯಾವುದೆಂಬ ಕ್ರಮವಿದೆ. ಆದ್ದರಿಂದಲೇ ವಿದ್ವಾಂಸರು ಇಂದಿಗೂ ಅವನ್ನು ಪಕ್ಕಪಕ್ಕದಲ್ಲಿಟ್ಟು ಚರ್ಚಿಸಬಲ್ಲರು.

ತಂತ್ರಾಂಶದ ಆವೃತ್ತಿಗಳಿಗೆ ಮರಳಿದರೆ, 2005ರ ಏಪ್ರಿಲ್‌ನಲ್ಲಿ ಲಿನಸ್ ಟೋರ್ವಾಲ್ಡ್ಸ್ ಬರೆದ ಆವೃತ್ತಿ ನಿಯಂತ್ರಣದ ಸಾಧನ ಗಿಟ್ ಈ ಕ್ಷೇತ್ರದ ನಡುಗಂಬವಾಯಿತು. ಪ್ರತಿಯೊಬ್ಬರ ಬಳಿಯೂ ಇಡೀ ಚರಿತ್ರೆ, ಕವಲೊಡೆಯುವುದು ಸುಲಭ, ಕೂಡುವುದೂ ಸುಲಭ. 2008ರಲ್ಲಿ ಗಿಟ್‌ಹಬ್ ಬಂದ ಮೇಲಂತೂ ಕಾನ್ಫಿಗರೇಶನ್ ಮ್ಯಾನೇಜ್‌ಮೆಂಟ್ ಎಂದರೆ ಗಿಟ್ ಎಂಬ ಭಾವನೆ ಗಟ್ಟಿಯಾಯಿತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಗಣಕ ವಿಭಾಗದ ಮೂರನೆಯ ಸೆಮಿಸ್ಟರಿಗೆ ಗಿಟ್ ಬಳಸಿ ಪ್ರಾಜೆಕ್ಟ್ ನಿರ್ವಹಿಸುವ ಪ್ರಯೋಗಾಲಯದ ವಿಷಯವೊಂದು ಆಯ್ಕೆಗೆ ಇದೆ. ಬಸವಕಲ್ಯಾಣದಲ್ಲೂ ಇಂಜಿನಿಯರಿಂಗ್ ಕಾಲೇಜಿರುವಾಗ ಇದು ಸಂತೋಷದ ವಿಷಯವೇ. ಆದರೆ ಆಜ್ಞೆಗಳನ್ನು ಕಲಿತವರಿಗೆ ಯೋಜನೆ ಬರೆಯುವುದು ತಾನಾಗಿ ಬರುವುದಿಲ್ಲ. ಯಾವುದನ್ನು ಕಾಯಬೇಕೆಂದು ಗಿಟ್ ಹೇಳುವುದಿಲ್ಲ. ಅದರೊಳಗೆ ಇಟ್ಟದ್ದನ್ನಷ್ಟೇ ಕಾಯುತ್ತದೆ.

ಇಲ್ಲಿ ಏಳುವ ಆಕ್ಷೇಪ ಬಲವಾದದ್ದೇ. ವಾರಕ್ಕೊಮ್ಮೆ ಹೊಸ ಆವೃತ್ತಿ ಬಿಡುವ ಅಜೈಲ್ ಕಾಲದಲ್ಲಿ ನೂರು ಪುಟದ ಯೋಜನೆಯನ್ನು ಯಾರು ಓದುತ್ತಾರೆ, ಮಾನಕದ ಹೆಸರಿನಲ್ಲಿ ಕಾಗದ ಬೆಳೆದದ್ದೇ ಹೆಚ್ಚಲ್ಲವೇ ಎಂದು ಕೇಳುವವರಿದ್ದಾರೆ. ಕಾಗದದ ಬಗ್ಗೆ ಅವರ ಮಾತು ಸರಿ. ಅನೇಕ ಕಡೆ ಈ ಯೋಜನೆ ಹಳೆಯ ಪ್ರಾಜೆಕ್ಟಿನದನ್ನೇ ಹೆಸರು ಬದಲಿಸಿ ಸಲ್ಲಿಸುವ ದಸ್ತಾವೇಜಾಗಿದೆ. ಆದರೆ ನಾಲ್ಕು ಪುಟದ ನಿಜವಾದ ಯೋಜನೆ ವೇಗಕ್ಕೆ ಅಡ್ಡಿಯಾಗುವುದಿಲ್ಲ, ವೇಗವಾಗಿ ಬಿಟ್ಟದ್ದನ್ನು ಅಷ್ಟೇ ವೇಗವಾಗಿ ಹಿಂದೆ ಪಡೆಯಲು ಅದೇ ಆಧಾರ. 2012ರ ಆಗಸ್ಟ್ 1ರಂದು ಅಮೆರಿಕದ ಷೇರು ವಹಿವಾಟಿನ ನೈಟ್ ಕ್ಯಾಪಿಟಲ್ ಸಂಸ್ಥೆಯ ಎಂಟು ಸರ್ವರುಗಳಲ್ಲಿ ಒಂದಕ್ಕೆ ಹೊಸ ಕೋಡ್ ಹೋಗಿರಲಿಲ್ಲ. ಅದರಲ್ಲಿ ಉಳಿದಿದ್ದ ಹಳೆಯ ತುಣುಕು ಎಚ್ಚೆತ್ತು ಸುಮಾರು 45 ನಿಮಿಷಗಳಲ್ಲಿ 44 ಕೋಟಿ ಡಾಲರ್ ನಷ್ಟ ಮಾಡಿತು. ಎಂಟು ಯಂತ್ರಗಳಲ್ಲಿ ಆದದ್ದು 170 ತಾಲ್ಲೂಕುಗಳಲ್ಲಿ ಆಗದೆಂಬ ಭರವಸೆ ಎಲ್ಲಿಂದ ಬರಬೇಕು?

ಈಗ ಎಲ್ಲವೂ ರಾಜ್ಯದ ಡೇಟಾ ಸೆಂಟರಿನಲ್ಲಿದೆ, ತಾಲ್ಲೂಕಿಗೊಂದು ಸರ್ವರಿನ ಕಾಲ ಮುಗಿಯಿತು, ಆದ್ದರಿಂದ ಆ ಚಿಂತೆಯೂ ಮುಗಿಯಿತು ಎಂಬುದು ಇನ್ನೊಂದು ವಾದ. ಒಂದೆಡೆ ಸೇರಿಸಿದರೆ ಆವೃತ್ತಿಗಳ ಗೊಂದಲ ಕಡಿಮೆಯಾಗುತ್ತದೆ, ಒಂದು ತಪ್ಪಿನ ಹರವು ಹೆಚ್ಚುತ್ತದೆ. 2024ರ ಜುಲೈ 19ರಂದು ಸೈಬರ್ ಭದ್ರತೆಯ ಕ್ರೌಡ್‌ಸ್ಟ್ರೈಕ್ ಕಂಪನಿ ಕಳಿಸಿದ ಒಂದು ದತ್ತಾಂಶ ಕಡತ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿತು. ಹುಮನಾಬಾದಿಗೆ ಹತ್ತಿರದ ಮಹಾನಗರವಾದ ಹೈದರಾಬಾದಿನ ವಿಮಾನ ನಿಲ್ದಾಣದಲ್ಲೂ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಆ ಕಂಪನಿ ಕೋಡನ್ನು ಹಂತಹಂತವಾಗಿ ಬಿಡುತ್ತಿತ್ತು. ಕೆಡವಿದ ಕಡತ ಕೋಡ್ ಆಗಿರಲಿಲ್ಲವಾದ್ದರಿಂದ ಆ ಹಂತಗಳನ್ನು ದಾಟದೆ ಒಮ್ಮೆಲೇ ಎಲ್ಲೆಡೆ ಹೋಯಿತು. ಕೋಡನ್ನಷ್ಟೇ ಕಾದರೆ ಸಾಕೆಂಬ ನಂಬಿಕೆಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ.

ನಮ್ಮಲ್ಲಿ ಕೋಡ್ ಅಲ್ಲದ ಈ ಭಾಗವೇ ದೊಡ್ಡದು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರು ಬದಲಾಗಿ ಗುಲ್ಬರ್ಗಾ ಕಲಬುರಗಿಯಾಯಿತು. 2019ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಆದರೆ ಆ ಪ್ರದೇಶಕ್ಕೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ 371(ಜೆ) ವಿಧಿಯ ಪಠ್ಯದಲ್ಲಿ ಹಳೆಯ ಹೆಸರೇ ಇದೆ. ಆ ವಿಧಿಯಡಿ ಕೊಡುವ ಅರ್ಹತಾ ಪ್ರಮಾಣಪತ್ರದ ತಂತ್ರಾಂಶ ಎರಡೂ ಹೆಸರುಗಳನ್ನು ತಿಳಿದಿರಬೇಕು, 2013ರಿಂದ ಕೊಟ್ಟ ಪತ್ರಗಳನ್ನು ಹಳೆಯ ಹೆಸರಿನಲ್ಲೇ ಗುರುತಿಸಬೇಕು. ಗ್ರಾಮಲೆಕ್ಕಿಗರು ಗ್ರಾಮ ಆಡಳಿತಾಧಿಕಾರಿಗಳಾಗಿದ್ದಾರೆ. ಪಹಣಿಯ ಹಕ್ಕು ಬದಲಾವಣೆಯ (ಮ್ಯುಟೇಶನ್) ನೋಟಿಸಿನ ಅವಧಿ 30 ದಿನಗಳಿಂದ ಕಾಲಕ್ರಮೇಣ ಇಳಿದಿದೆ. ಇಳಿಯುವ ಹಿಂದಿನ ದಿನ ಹಾಕಿದ ಅರ್ಜಿಗೆ ಯಾವ ಅವಧಿ ಎಂಬುದನ್ನು ಕೋಡಿನೊಳಗೆ ಅಂಕಿಯಾಗಿ ಹೂತಿಟ್ಟರೆ ಮುಂದೆ ಯಾರಿಗೂ ವಿವರಿಸಲಾಗುವುದಿಲ್ಲ. ಇಂಥದ್ದನ್ನು ಶಿಸ್ತಿನಿಂದ ಮಾಡುವ ಒಂದು ಇಲಾಖೆ ದೇಶದಲ್ಲಿ ಇದ್ದೇ ಇದೆ. 2027ರ ಜನಗಣತಿಗಾಗಿ 2025ರ ಡಿಸೆಂಬರ್ 31ಕ್ಕೆ ಆಡಳಿತಾತ್ಮಕ ಗಡಿಗಳನ್ನು ಸ್ಥಿರಗೊಳಿಸಲಾಯಿತು. 2011ರ ಗಣತಿಯಲ್ಲಿ ಬೀದರಿಗೆ ಐದೇ ತಾಲ್ಲೂಕು. ಮುಂದಿನ ಅಂಕಿಗಳಲ್ಲಿ ಹುಮನಾಬಾದಿನ ಜನಸಂಖ್ಯೆಯನ್ನು ನೋಡುವವರು ಚಿಟಗುಪ್ಪ ಬೇರೆಯಾದ ನಕ್ಷೆಯನ್ನೂ ಜೊತೆಗಿಟ್ಟುಕೊಳ್ಳದಿದ್ದರೆ ಆಗದ ವಲಸೆಯೊಂದನ್ನು ಕಂಡುಬಿಟ್ಟಾರು.

ಸರ್ಕಾರ ಯಾವಾಗ ಏನು ಬದಲಿಸುತ್ತದೆಂದು ಯಾರಿಗೆ ಗೊತ್ತು, ಗೊತ್ತಿಲ್ಲದ್ದನ್ನು ಯೋಜಿಸುವುದು ಹೇಗೆ ಎಂಬ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ಯೋಜನೆ ಬದಲಾವಣೆಯನ್ನು ಊಹಿಸಬೇಕಾಗಿಲ್ಲ, ಅದು ಬರುವ ಬಾಗಿಲನ್ನು ಗೊತ್ತುಮಾಡಿದರೆ ಸಾಕು. ರಾಜ್ಯಪತ್ರದಲ್ಲಿ ಅಧಿಸೂಚನೆ ಬಂದರೆ ಓದುವ ಹೊಣೆ ಯಾರದು, ಊರಿನ ಪಟ್ಟಿಯ ಅಸಲು ಯಾವ ಇಲಾಖೆಯ ಬಳಿ, ಪ್ರತಿ ಸಂಕೇತಸಂಖ್ಯೆಗೂ ಆರಂಭದ ದಿನಾಂಕ ಮತ್ತು ಮುಗಿದ ದಿನಾಂಕ ಇದೆಯೇ, ಹಳೆಯ ಸಂಖ್ಯೆಯನ್ನು ಅಳಿಸದೆ ಹೊಸದಕ್ಕೆ ಜೋಡಿಸಲಾಗಿದೆಯೇ, ಹುಮನಾಬಾದ್ ಎಂಬುದಕ್ಕೆ ಕಾಗುಣಿತ ಒಂದೇ ಇದೆಯೇ. ಇಷ್ಟನ್ನು ಮೊದಲ ತಿಂಗಳಲ್ಲಿ ಬರೆದರೆ ಖರ್ಚು ಅಲ್ಪ. ಐದು ವರ್ಷದ ಬಳಿಕ ಬರೆಯಹೊರಟರೆ ಪ್ರತಿ ಕಡತವನ್ನೂ ತೆರೆಯಬೇಕು.

ಇದೆಲ್ಲ ದೊಡ್ಡ ಇಲಾಖೆಗೆ ಸರಿ, ಸಹಕಾರ ಸಂಘಕ್ಕೋ ಪುರಸಭೆಗೋ ತಂತ್ರಾಂಶ ಬರೆದುಕೊಡುವ ಮೂವರ ತಂಡಕ್ಕೆ ಯಾಕೆ ಎನ್ನಬಹುದು. ಮೂವರ ತಂಡಕ್ಕೇ ಇದು ಹೆಚ್ಚು ಬೇಕು. ಅಲ್ಲಿ ಒಬ್ಬರು ಕೆಲಸ ಬಿಟ್ಟು ಹೈದರಾಬಾದಿಗೋ ಪುಣೆಗೋ ಹೋದರೆ ತಿಳಿವಳಿಕೆಯ ಮೂರನೆಯ ಒಂದು ಪಾಲು ಅವರೊಡನೆ ಹೋಗುತ್ತದೆ. ಹೊರಗಿನಿಂದ ತಂದು ಸೇರಿಸಿದ ಲೈಬ್ರರಿಗಳ ಪಟ್ಟಿ ಇಲ್ಲದವರಿಗೆ 2021ರ ಡಿಸೆಂಬರಿನಲ್ಲಿ ಲಾಗ್‌4ಜೆ ಎಂಬ ಅಂಥ ಒಂದು ಲೈಬ್ರರಿಯ ದೋಷ ಬಯಲಾದಾಗ ತಾವು ಅಪಾಯದಲ್ಲಿದ್ದೇವೆಯೇ ಎಂದು ಹೇಳುವುದೇ ಕಷ್ಟವಾಯಿತು. ಆಮೇಲೆ ಭಾರತದ ಸೈಬರ್ ಭದ್ರತೆಯ ಸರ್ಟ್-ಇನ್ ಸಂಸ್ಥೆಯೂ ಇಂಥ ಸಾಮಗ್ರಿ ಪಟ್ಟಿಯ ಬಗ್ಗೆ ಮಾರ್ಗಸೂಚಿ ಕೊಟ್ಟಿದೆ.

ಹೆಚ್ಚಿನ ಸ್ಥಳೀಯ ತಂತ್ರಾಂಶ ಟೆಂಡರಿನ ಮೇಲೆ ತಯಾರಾಗುವುದರಿಂದ ಯೋಜನೆಯ ಒಡೆತನ ಗುತ್ತಿಗೆದಾರರಲ್ಲಿ ಇರಕೂಡದು, ಕಚೇರಿಯಲ್ಲಿರಬೇಕು. ಗುತ್ತಿಗೆ ಬದಲಾಗುತ್ತದೆ, ಕಚೇರಿ ಉಳಿಯುತ್ತದೆ. ಟೆಂಡರಿನ ಷರತ್ತಿನಲ್ಲಿ ಇದನ್ನು ಪರೀಕ್ಷಿಸಬಹುದಾದ ರೂಪದಲ್ಲಿ ಬರೆಯಬೇಕು: ಕೊನೆಯ ಕಂತಿನ ಹಣ ಬಿಡುಗಡೆಯಾಗುವ ಮೊದಲು, ಕಚೇರಿಗೆ ಒಪ್ಪಿಸಿದ ಕೋಡು, ಊರಿನ ಪಟ್ಟಿ, ನಿಯಮದ ಕೋಷ್ಟಕ, ಫಾಂಟು, ಕೈಪಿಡಿಗಳಿಂದಲೇ, ಗುತ್ತಿಗೆದಾರರ ಕಡೆಯವರು ಯಾರೂ ಕೈಹಾಕದೆ, ಏನೂ ಇಲ್ಲದ ಯಂತ್ರವೊಂದರ ಮೇಲೆ ಇಡೀ ವ್ಯವಸ್ಥೆಯನ್ನು ಮತ್ತೆ ಕಟ್ಟಿ, ತಾಲ್ಲೂಕು ಒಡೆಯುವ ಮೊದಲಿನ ದಿನಾಂಕದ ಒಂದು ಪಹಣಿಯನ್ನೂ ಆಮೇಲಿನ ಒಂದನ್ನೂ ಸರಿಯಾಗಿ ತೆಗೆದು ತೋರಿಸಬೇಕು.