ಪರದೇಶ ವಿದ್ಯಾಭ್ಯಾಸವೂ ಲಿಂಗವಂತ ಸಮಾಜವೂ

ವಿದ್ಯೆಯು ಒಂದು ನಾಡಿನ ಸೊತ್ತಲ್ಲ; ಅರಸಿ ಹೋದವನಿಗೆ ಅದು ದೊರೆಯುವದು, ಮನೆಯಲ್ಲಿ ಕುಳಿತವನಿಗೆ ಮರೆಯಾಗುವದು. ಆದರೆ ದೂರ ಹೋಗಿ ಗಳಿಸಿದ ವಿದ್ಯೆಯಿಂದ ಗಳಿಸಿದವನ ಬಾಳು ಯಾವ ಬಗೆಯಾಗಿ ಮಾರ್ಪಡುವದು, ಅವನನ್ನು ಕಳುಹಿದ ಸಮಾಜಕ್ಕೆ ಅದರಿಂದ ಯಾವ ಫಲವು ಬರುವದು ಎಂಬುದು ವಿಚಾರಯೋಗ್ಯವಾದ ಸಂಗತಿಯಾಗಿದೆ. ಇಂದು ನಿಂಬರ್ಗಾ, ಆಳಂದ, ಅಫಜಲಪುರ, ಜೇವರ್ಗಿ ಭಾಗದ ಸದ್ಭಕ್ತರ ಮನೆಗಳಲ್ಲಿಯೂ ಮಕ್ಕಳನ್ನು ಸಮುದ್ರದಾಚೆಗೆ ಓದಲು ಕಳುಹುವ ಮಾತು ಕೇಳಬರುತ್ತಿರುವದರಿಂದ, ಈ ಮಹೋತ್ಸವದ ಸಂಪುಟದಲ್ಲಿ ಆ ಇತಿಹಾಸವನ್ನು ಸ್ಮರಿಸುವದು ಉಚಿತವೇ ಸರಿ.

೧. ಕಲಿಯಲು ಬರುವ ನಾಡು

ವಿದ್ಯೆಗಾಗಿ ಪರನಾಡಿಗೆ ಹೋಗುವದು ಈ ಪ್ರಾಂತಕ್ಕೆ ಹೊಸತಲ್ಲ. ಆದರೆ ಪೂರ್ವದಲ್ಲಿ ಪರನಾಡಿನವರೇ ಇಲ್ಲಿಗೆ ಬರುತ್ತಿದ್ದರು. ಚಿತ್ತಾಪುರ ತಾಲೂಕಿನ ನಾಗಾವಿಯಲ್ಲಿ ಚಾಲುಕ್ಯರ ಕಾಲದ ಘಟಿಕಾಸ್ಥಾನವೊಂದಿದ್ದಿತು. ಇಸವಿ 1058ರ ಅಲ್ಲಿಯ ಶಾಸನವು ವೇದಾಧ್ಯಯನ ಮಾಡುವ 200 ವಿದ್ಯಾರ್ಥಿಗಳ ಅನ್ನವಸನಗಳಿಗೂ, ಗ್ರಂಥಗಳನ್ನು ಕಾಯುವ ಆರು ಜನ ಸರಸ್ವತೀ ಭಂಡಾರಿಕರಿಗೂ ಭೂಮಿಯನ್ನು ಬಿಟ್ಟುದನ್ನು ತಿಳಿಸುವದು. ಒಂದೇ ವಿದ್ಯಾಲಯಕ್ಕೆ ಆರು ಜನ ಗ್ರಂಥಪಾಲಕರು! ಅದರ ವೈಭವವನ್ನು ಊಹಿಸಲು ಇಷ್ಟೇ ಸಾಕು.

ಆ ಶಾಸನವಾದ ಒಂದು ನೂರು ವರುಷಗಳ ತರುವಾಯ ಕಲ್ಯಾಣದಲ್ಲಿ ಶರಣರ ಅನುಭವಗೋಷ್ಠಿಯು ನೆರೆಯಿತು. ಮೋಳಿಗೆ ಮಾರಯ್ಯನವರು ಕಾಶ್ಮೀರದಿಂದಲೂ, ಮರುಳಶಂಕರದೇವರು ಅಫಘಾನ ದೇಶದಿಂದಲೂ, ಅಕ್ಕಮಹಾದೇವಿಯವರು ಉಡುತಡಿಯಿಂದಲೂ ಅಲ್ಲಿಗೆ ಬಂದರೆಂದು ಶರಣಪರಂಪರೆಯು ಸಾರುವದು. ಘಟಿಕಾಸ್ಥಾನದಲ್ಲಿ ಅಧ್ಯಯನಕ್ಕೆ ಅಧಿಕಾರಿಗಳು ಕೆಲವರೇ. ಕಲ್ಯಾಣದಲ್ಲಾದರೋ ಕಾಯಕ ಮಾಡುವ ಯಾವನಿಗೂ, ಯಾವಳಿಗೂ ಬಾಗಿಲು ತೆರೆದಿದ್ದಿತು. ಕಲ್ಯಾಣವು ಚದರಿದ ಮೇಲೆ ಶರಣರ ವಿದ್ಯೆಯು ಚರಜಂಗಮರೊಡನೆ ಊರೂರು ತಿರುಗಿತು. ಒಂದೆಡೆ ನಿಲ್ಲದೆ ನಡೆಯುತ್ತ, ಕಲಿತುದನ್ನು ಕಲಿಸುತ್ತ ಹೋಗುವದೇ ಜಂಗಮಧರ್ಮವಾಗಿರಲು, ಈ ಸಮಾಜಕ್ಕೆ ದೂರದೇಶದ ಭಯವು ಸ್ವಭಾವಸಿದ್ಧವಾದುದಲ್ಲ. ಮಠಗಳ ವಟುಗಳು ಸಂಸ್ಕೃತಾಧ್ಯಯನಕ್ಕಾಗಿ ಕಾಶಿಯ ಜಂಗಮವಾಡಿ ಮಠಕ್ಕೆ ಹೋಗಿಬರುವ ಸಂಪ್ರದಾಯವೂ ಬಹುಕಾಲದಿಂದ ನಡೆದುಬಂದಿದೆ. ಹೋಗುವದು, ಕಲಿಯುವದು, ತಿರುಗಿ ಬಂದು ಕಲಿಸುವದು ಎಂಬ ಮೂರೂ ಆ ಸಂಪ್ರದಾಯದಲ್ಲಿ ಒಂದೇ ಕಾರ್ಯವಾಗಿದ್ದವು.

೨. ವಿಲಾಯತಿಯ ಬಾಗಿಲು

ಆಂಗ್ಲರ ಆಳಿಕೆಯಲ್ಲಿ ಸ್ಥಿತಿಯು ಬದಲಾಯಿತು. ಐ.ಸಿ.ಎಸ್. ಪರೀಕ್ಷೆಯು 1922ರ ವರೆಗೆ ಲಂಡನ್ನಿನಲ್ಲಿ ಮಾತ್ರ ನಡೆಯುತ್ತಿದ್ದಿತು. ಬ್ಯಾರಿಸ್ಟರನಾಗಬೇಕಾದರೆ ಅಲ್ಲಿಯ ನ್ಯಾಯಸಂಸ್ಥೆಗಳನ್ನೇ ಸೇರಬೇಕು. ಸರಕಾರಿ ಶಿಕ್ಷಣ ಖಾತೆಯ ಉಚ್ಚ ಸ್ಥಾನಗಳಿಗೂ ವಿಲಾಯತಿಯ ಪದವಿಯೇ ಹೆದ್ದಾರಿಯಾಗಿದ್ದಿತು. ಎಷ್ಟೇ ಬುದ್ಧಿವಂತನಿದ್ದರೂ ಇಲ್ಲಿಯ ಪದವೀಧರನು ಕೆಳಗಿನ ಮೆಟ್ಟಲಲ್ಲಿಯೇ ಮುಪ್ಪಾಗಬೇಕಾಗುತ್ತಿದ್ದಿತು. ಅಲ್ಲಿಂದ ಬಂದವನು ಮೇಲಿನ ಮೆಟ್ಟಲಿನಿಂದಲೇ ಆರಂಭಿಸುತ್ತಿದ್ದನು. ಆದದ್ದರಿಂದ ಅಂದು ಪರದೇಶ ವಿದ್ಯೆಯೆಂಬುದು ಜ್ಞಾನದ ಮಾತಿನಷ್ಟೇ ಅಧಿಕಾರದ ಮಾತೂ ಆಗಿದ್ದಿತು.

ಸಮುದ್ರಯಾನದಿಂದ ಜಾತಿಭ್ರಷ್ಟತೆಯು ಬರುವದೆಂಬ ಭೀತಿಯು ಆ ಕಾಲದಲ್ಲಿ ಅನೇಕ ಸಮಾಜಗಳನ್ನು ಹಿಂದಕ್ಕೆ ಹಿಡಿದಿದ್ದಿತು. 1888ರಲ್ಲಿ ಗಾಂಧೀಜಿಯವರು ಹಡಗು ಹತ್ತುವಾಗ ಅವರ ಜಾತಿಯವರು ಬಹಿಷ್ಕಾರ ಹಾಕಿದ್ದು ಸರ್ವಶ್ರುತವಾಗಿದೆ. ಇಷ್ಟಲಿಂಗವನ್ನು ಅಂಗದ ಮೇಲೆಯೇ ಧರಿಸಿದವನಿಗೆ ಗುಡಿಯೂ ಬೇಡ, ತೀರ್ಥಕ್ಷೇತ್ರವೂ ಬೇಡ. ಹಡಗಿನ ಕೋಣೆಯಲ್ಲಿಯೂ ಅವನ ಪೂಜೆಯು ಸಾಗುವದು. ಲಿಂಗವಂತ ವಿದ್ಯಾರ್ಥಿಯನ್ನು ತಡೆದುದು ಹೆಚ್ಚಾಗಿ ಧರ್ಮವಲ್ಲ, ಬಡತನ. ಒಕ್ಕಲುತನ, ವ್ಯಾಪಾರಗಳಲ್ಲಿ ಮುಳುಗಿದ್ದ ಸಮಾಜದಲ್ಲಿ ಆಂಗ್ಲ ವಿದ್ಯೆಯನ್ನು ಪಡೆದವರೇ ವಿರಳವಾಗಿದ್ದರು. ಅಂದ ಮೇಲೆ ವಿಲಾಯತಿಯ ಮಾತೆಲ್ಲಿ?

ಈ ಕೊರತೆಯನ್ನು ಹಿರಿಯರು ಬೇಗನೆ ಅರಿತುಕೊಂಡರು. 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯು ಜನ್ಮತಾಳಿ, ಬಡ ವಿದ್ಯಾರ್ಥಿಗಳ ಉಚ್ಚ ಶಿಕ್ಷಣಕ್ಕೆ ಧನಸಹಾಯವನ್ನು ಆರಂಭಿಸಿತು. 1904ರಲ್ಲಿ ಧಾರವಾಡದಲ್ಲಿ ನೆರೆದ ವೀರಶೈವ ಮಹಾಸಭೆಯ ಮೊದಲನೆಯ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದ ಸಿರಸಂಗಿ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವಾಗ ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗಾಗಿ ಬರೆದಿಟ್ಟು ತ್ಯಾಗವೀರರೆನಿಸಿದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನರು ಕೂಡಿ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯನ್ನು ಕಟ್ಟಿ ಸಪ್ತರ್ಷಿಗಳೆನಿಸಿಕೊಂಡರು. ಧಾರವಾಡದ ಮುರುಘಾಮಠದಂತಹ ಮಠಗಳು ಉಚಿತ ಪ್ರಸಾದನಿಲಯಗಳನ್ನು ತೆರೆದವು. ಅನ್ನವು ಮಠದಿಂದ, ಹಣವು ದಾನಿಗಳಿಂದ, ಪಾಠವು ಶಾಲೆಯಿಂದ ದೊರೆತಾಗಲೇ ಹಳ್ಳಿಯ ಹುಡುಗನಿಗೆ ಬಂದರಿನ ವರೆಗೆ ದಾರಿಯಾಯಿತು.

೩. ಇಬ್ಬರು ಮಹನೀಯರು

ಬೆಳಗಾವಿ ಜಿಲ್ಲೆಯ ಗೋಕಾಕ ತಾಲೂಕಿನ ಮಮದಾಪುರದಲ್ಲಿ 1899ರಲ್ಲಿ ಜನಿಸಿದ ದಾದಪ್ಪ ಚಿಂತಪ್ಪ ಪಾವಟೆಯವರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ, 1920ರ ದಶಕದಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಿಡ್ನಿ ಸಸೆಕ್ಸ್ ಕಾಲೇಜನ್ನು ಸೇರಿದರು. ಅಲ್ಲಿಯ ಗಣಿತದ ಟ್ರೈಪಾಸ್ ಪರೀಕ್ಷೆಯಲ್ಲಿ ಪ್ರಥಮ ವರ್ಗದಲ್ಲಿ ತೇರ್ಗಡೆಯಾದವರಿಗೆ ರ‍್ಯಾಂಗ್ಲರ್ ಎಂಬ ಬಿರುದು ಸಲ್ಲುವದು. 1899ರಲ್ಲಿ ರಘುನಾಥ ಪರಾಂಜಪೆಯವರು ಆ ಪರೀಕ್ಷೆಯಲ್ಲಿ ಅಗ್ರಸ್ಥಾನ ಪಡೆದಂದಿನಿಂದ ಮುಂಬಯಿ ಇಲಾಖೆಯಲ್ಲಿ ಈ ಬಿರುದಿನ ಹೆಸರು ಮನೆಮಾತಾಗಿದ್ದಿತು. ಒಕ್ಕಲಿಗರ ಹಳ್ಳಿಯಿಂದ ಬಂದ ಪಾವಟೆಯವರೂ ಆ ಬಿರುದನ್ನು ಪಡೆದುದು ಸಮಾಜದ ಎಷ್ಟೋ ತರುಣರಿಗೆ ಧೈರ್ಯವನ್ನಿತ್ತಿತು.

ಪದವಿಯು ಅವರಿಗೆ ಮೇಲಿನ ಮೆಟ್ಟಲನ್ನು ದೊರಕಿಸಿತೆಂಬುದು ನಿಜ. ಅವರು ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಗಣಿತದ ಅಧ್ಯಾಪಕರಾಗಿ, ತರುವಾಯ ಮುಂಬಯಿ ಶಿಕ್ಷಣ ಖಾತೆಯನ್ನು ಸೇರಿ, ಅದರ ನಿರ್ದೇಶಕರ ಸ್ಥಾನಕ್ಕೇರಿದರು. 1954ರಿಂದ 1967ರ ವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾದರು. 1967ರಿಂದ 1973ರ ವರೆಗೆ ಪಂಜಾಬದ ರಾಜ್ಯಪಾಲರಾಗಿದ್ದರು. ಆದರೆ ಅವರ ಬಾಳಿನ ಫಲವನ್ನು ಈ ಸ್ಥಾನಗಳಿಂದ ಅಳೆಯುವದಕ್ಕಿಂತ ಧಾರವಾಡದ ಗುಡ್ಡದ ಮೇಲಿನ ವಿದ್ಯಾನಗರಿಯಿಂದ ಅಳೆಯುವದು ಯೋಗ್ಯ. 1949ರಲ್ಲಿ ಹುಟ್ಟಿ ಇನ್ನೂ ಕೂಸಾಗಿದ್ದ ವಿಶ್ವವಿದ್ಯಾಲಯವನ್ನು ಹದಿಮೂರು ವರುಷ ಸಾಕಿ ಬೆಳೆಸಿದವರು ಅವರು. 1956ರ ನವ್ಹೆಂಬರ 1ರಂದು ಕನ್ನಡ ನಾಡು ಒಂದಾಗಲು, ಕಲಬುರ್ಗಿ ಸೀಮೆಯೂ ಆ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿತು. ಕೇಂಬ್ರಿಜ್ಜಿನಲ್ಲಿ ಕಲಿತವರೊಬ್ಬರ ಆಡಳಿತದ ನೆರಳು ಹೀಗೆ ಆಳಂದ, ಅಫಜಲಪುರಗಳ ಮಕ್ಕಳ ಮೇಲೆಯೂ ಬಿದ್ದಿತು.

ಎರಡನೆಯವರು ಡಾ. ಶಿ. ಚ. ನಂದೀಮಠ ಅವರು. ಅವರು ಲಂಡನ್ ವಿಶ್ವವಿದ್ಯಾಲಯಕ್ಕೆ ಹೋಗಿ ಪಿಎಚ್.ಡಿ. ಪದವಿಗಾಗಿ ಆರಿಸಿಕೊಂಡ ವಿಷಯವು ವಿಲಾಯತಿಯದಲ್ಲ. ಶೈವಾಗಮಗಳು ಮತ್ತು ವೀರಶೈವ ಸಿದ್ಧಾಂತ. ತನ್ನ ಕೊರಳಲ್ಲಿರುವ ಲಿಂಗದ ತತ್ತ್ವವನ್ನರಿಯಲು ಸಾವಿರಾರು ಹರದಾರಿ ಹೋಗಬೇಕಾಯಿತೇ ಎಂದು ಯಾರಾದರೂ ನಗಬಹುದು. ಆದರೆ ಅವರು ಅಲ್ಲಿಂದ ತಂದುದು ತತ್ತ್ವವನ್ನಲ್ಲ, ಪದ್ಧತಿಯನ್ನು. ಗ್ರಂಥಗಳ ಕಾಲವನ್ನು ನಿರ್ಣಯಿಸುವದು, ಪಾಠಗಳನ್ನು ತಾಳೆ ನೋಡುವದು, ಒಂದು ದರ್ಶನವನ್ನು ಮತ್ತೊಂದರೊಡನೆ ಹೋಲಿಸುವದು, ನಂಬುಗೆಗೂ ಪ್ರಮಾಣಕ್ಕೂ ಇರುವ ಅಂತರವನ್ನರಿತು ಬರೆಯುವದು, ಇವು ಆ ಪದ್ಧತಿಯ ಅಂಗಗಳು. ಅದರ ಫಲವಾಗಿ ವೀರಶೈವವನ್ನು ಕುರಿತ ಅವರ ಇಂಗ್ಲಿಷ್ ಕೈಪಿಡಿಯು 1942ರಲ್ಲಿ ಧಾರವಾಡದ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯಿಂದಲೇ ಹೊರಬಂದಿತು. ವಿದ್ಯೆಗೆ ಹಣ ಕೂಡಿಸಲು ಹುಟ್ಟಿದ ಸಂಸ್ಥೆಯು ಆರು ದಶಕಗಳ ತರುವಾಯ ವಿದ್ವಾಂಸನ ಗ್ರಂಥವನ್ನು ಪ್ರಕಟಿಸಿದುದು ಬಿತ್ತಿದ ಬೀಜವು ಹೊಲದ ಒಡೆಯನ ಕಣಜಕ್ಕೇ ಬಂದಂತಾಯಿತು. ಸಪ್ತರ್ಷಿಗಳಲ್ಲೊಬ್ಬರಾದ, ಕೇಂಬ್ರಿಜ್ಜಿನ ಶಿಕ್ಷಕ ಪದವಿಯನ್ನು ಪಡೆದಿದ್ದ ಎಂ. ಆರ್. ಸಾಖರೆಯವರೂ ಅದೇ 1942ರಲ್ಲಿ ಲಿಂಗಧಾರಣಚಂದ್ರಿಕೆಯನ್ನು ಲಿಂಗಾಯತ ಧರ್ಮದ ಇತಿಹಾಸ ತತ್ತ್ವಗಳ ವಿಸ್ತಾರವಾದ ಪೀಠಿಕೆಯೊಡನೆ ಬೆಳಗಾವಿಯಿಂದ ಪ್ರಕಟಿಸಿದರು.

ಈ ಎರಡು ಹೊಳೆಗಳು 1965ರಲ್ಲಿ ಕೂಡಿದವು. ಶೂನ್ಯಸಂಪಾದನೆಯ ಇಂಗ್ಲಿಷ್ ಅನುವಾದದ ಮೊದಲ ಸಂಪುಟವನ್ನು ಕರ್ನಾಟಕ ವಿಶ್ವವಿದ್ಯಾಲಯವು ಆ ವರುಷ ಪ್ರಕಟಿಸಿತು. ಅದನ್ನು ಸಿದ್ಧಪಡಿಸಿದ ಮೂವರಲ್ಲಿ ನಂದೀಮಠರೊಬ್ಬರು, ಇನ್ನಿಬ್ಬರು ಎಲ್. ಎಂ. ಎ. ಮೆನೆಜಿಸ್, ಆರ್. ಸಿ. ಹಿರೇಮಠ ಅವರು. ಅಂದಿನ ಕುಲಪತಿಗಳು ಪಾವಟೆಯವರು. ಒಬ್ಬರು ಗಣಿತವನ್ನು ಕಲಿತು ಆಡಳಿತಗಾರರಾದರು, ಇನ್ನೊಬ್ಬರು ದರ್ಶನವನ್ನು ಕಲಿತು ಪಂಡಿತರಾದರು. ಇಬ್ಬರ ವಿದ್ಯೆಯೂ ಅಲ್ಲಮಪ್ರಭುವಿನ ಗೋಷ್ಠಿಯನ್ನು ಲೋಕಕ್ಕೆ ತಿಳಿಸುವ ಒಂದೇ ಕಾರ್ಯದಲ್ಲಿ ಸಾರ್ಥಕವಾಯಿತು.

ಇದೇ ಕಾಲದಲ್ಲಿ ಸವಣೂರಿನ ವಿನಾಯಕ ಕೃಷ್ಣ ಗೋಕಾಕರು ಆಕ್ಸಫರ್ಡಿನಲ್ಲಿ ಓದಿ 1938ರಲ್ಲಿ ಪ್ರಥಮ ವರ್ಗದಲ್ಲಿ ತೇರ್ಗಡೆಯಾಗಿ ಬಂದು, ಸಾಂಗಲಿಯ ಕಾಲೇಜಿನ ಪ್ರಾಚಾರ್ಯರಾದರು. ಆ ಸಮುದ್ರಯಾನವು ಅವರ ಕಾವ್ಯಕ್ಕೆ ಹೊಸ ವಸ್ತುವನ್ನೇ ಒದಗಿಸಿತು.

೪. ಹೋಗದೆ ಸಾಧಿಸಿದವರು

ಹೀಗಿದ್ದರೂ ವಿಲಾಯತಿಯ ಪದವಿಯಿಂದಲೇ ಸಮಾಜದ ಉದ್ಧಾರವಾಯಿತೆಂದರೆ ಅದು ಅಪಚಾರವಾದೀತು. ವಚನಪಿತಾಮಹ ಫ. ಗು. ಹಳಕಟ್ಟಿಯವರು ಸಮುದ್ರವನ್ನು ದಾಟಲಿಲ್ಲ. ವಿಜಾಪುರದಲ್ಲಿ ವಕೀಲಿ ಮಾಡುತ್ತ, ಮಠಮನೆಗಳ ಜಂತಿಗಳಲ್ಲಿ ಹುಳು ಹಿಡಿಯುತ್ತಿದ್ದ ತಾಡವೋಲೆಗಳನ್ನು ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನೂ, 1926ರಿಂದ ಶಿವಾನುಭವ ಪತ್ರಿಕೆಯನ್ನೂ ಹೊರತಂದರು. ಅವರ ಪರಿಶ್ರಮವಿಲ್ಲದಿದ್ದರೆ ಪರದೇಶದಲ್ಲಿ ಪದ್ಧತಿಯನ್ನು ಕಲಿತು ಬಂದವರ ಕೈಗೆ ಸಾಮಗ್ರಿಯೇ ಸಿಕ್ಕುತ್ತಿರಲಿಲ್ಲ. ಪದ್ಧತಿಯು ದೂರದಿಂದ ಬರಬಹುದು. ಸಾಮಗ್ರಿಯು ಮನೆಯಲ್ಲಿಯೇ ಇರುವದು. ಮನೆಯದನ್ನು ಕಾಯುವವನು ಇಲ್ಲದಲ್ಲಿ ದೂರದಿಂದ ಬಂದವನು ಬರಿಗೈಯವನೇ.

೫. ನಮ್ಮ ಸೀಮೆಯ ಕೊರತೆ

ಮೇಲೆ ಹೇಳಿದ ಲಿಂಗವಂತ ಮಹನೀಯರ ಸಾಧನೆಗೆ ಮುಂಬಯಿ ಇಲಾಖೆಯೇ ನೆಲೆಯಾಗಿದ್ದುದನ್ನು ವಾಚಕರು ಗಮನಿಸಿರಬಹುದು. ಅದೇ ಕಾಲದಲ್ಲಿ ನಿಂಬರ್ಗಾದ ಹುಡುಗನ ಗತಿಯೇನಾಗಿದ್ದಿತು? ಈ ಸೀಮೆಯು 1948ರ ಸಪ್ಟೆಂಬರದ ವರೆಗೆ ನಿಜಾಮ ಸಂಸ್ಥಾನಕ್ಕೆ ಒಳಪಟ್ಟಿದ್ದಿತು. ಆ ಸಂಸ್ಥಾನವೂ ಯೋಗ್ಯರನ್ನು ವಿಲಾಯತಿಗೆ ಕಳುಹುತ್ತಿದ್ದಿತು. 1895ರಲ್ಲಿ ಸರೋಜಿನೀ ದೇವಿಯವರು ನಿಜಾಮರ ವಿದ್ಯಾರ್ಥಿವೇತನದಿಂದಲೇ ಇಂಗ್ಲೆಂಡಿಗೆ ಹೋದರು. ಆದರೆ ಆ ಬಾಗಿಲು ರಾಜಧಾನಿಯಲ್ಲಿದ್ದಿತು. ಆಡಳಿತದ ಭಾಷೆಯು ಉರ್ದು; 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಕಚೇರಿಯಲ್ಲಿ ಉರ್ದು, ಅದಕ್ಕೂ ಮೇಲೆ ಇಂಗ್ಲಿಷ್ ಎಂಬ ನಾಲ್ಕು ಮೆಟ್ಟಲುಗಳನ್ನು ಏರುವಷ್ಟರಲ್ಲಿ ಹುಡುಗನ ಆಯುಷ್ಯವೇ ಮುಗಿಯುತ್ತಿದ್ದಿತು. 1871ರಿಂದ ಮುಂಬಯಿ ಮದ್ರಾಸುಗಳ ಉಕ್ಕಿನ ದಾರಿಯು ಕಲಬುರ್ಗಿಯ ಮೇಲೆಯೇ ಹಾದುಹೋಗಿ ಬಂದರು ಸಮೀಪವಾದರೂ, ಆ ಬಂಡಿಯಲ್ಲಿ ಹೋದುದು ಹೆಚ್ಚಾಗಿ ಇಲ್ಲಿಯ ಧಾನ್ಯ, ಎಣ್ಣೆಬೀಜಗಳು, ವಿದ್ಯಾರ್ಥಿಗಳಲ್ಲ.

ಈ ಕೊರತೆಯನ್ನು ತುಂಬುವಲ್ಲಿ ಕಲಬುರ್ಗಿಯ ಶರಣಬಸವೇಶ್ವರ ಸಂಸ್ಥಾನದ ಪೂಜ್ಯ ದೊಡ್ಡಪ್ಪ ಅಪ್ಪನವರು ಹೆಣ್ಣುಮಕ್ಕಳಿಗಾಗಿ ಶಾಲೆಯನ್ನು ತೆರೆದುದು ಸ್ಮರಣೀಯವಾಗಿದೆ. 1958ರಲ್ಲಿ ಮಹಾದೇವಪ್ಪ ರಾಂಪುರೆಯವರು ಹೈದರಾಬಾದ ಕರ್ನಾಟಕ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಅದರ ಇಂಜಿನಿಯರಿಂಗ್ ಕಾಲೇಜಿಗೆ ದೊಡ್ಡಪ್ಪ ಅಪ್ಪನವರ ಹೆಸರೇ ಇದೆ. 1963ರಲ್ಲಿ ವೈದ್ಯಕೀಯ ಕಾಲೇಜು ಬಂದಿತು. 1970ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವು ಕಲಬುರ್ಗಿಯಲ್ಲಿ ತೆರೆದು, 1980ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ಆಳಂದ ತಾಲೂಕಿನ ಕಡಗಂಚಿಯಲ್ಲಿಯೇ ನೆಲೆಗೊಂಡಿದೆ. ನಾಗಾವಿಯ ಘಟಿಕೆಯು ಮಣ್ಣುಗೂಡಿದ ಎಷ್ಟೋ ಶತಮಾನಗಳ ತರುವಾಯ, ಪರರಾಜ್ಯದ ವಿದ್ಯಾರ್ಥಿಗಳು ಮತ್ತೆ ಈ ಎರೆಯ ನೆಲವನ್ನು ಹುಡುಕಿಕೊಂಡು ಬರುತ್ತಿದ್ದಾರೆ.

೬. ಋಣದ ಮಾತು

ಇಂದು ಹಡಗಿನ ವಾರಗಳ ಪ್ರಯಾಣವು ವಿಮಾನದ ಒಂದು ಹಗಲಿರುಳಿಗೆ ಇಳಿದಿದೆ. 2023-24ರಲ್ಲಿ ಅಮೇರಿಕೆಯ ವಿದ್ಯಾಲಯಗಳಲ್ಲಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆಯು 3,31,000ವನ್ನು ಮೀರಿದ್ದಿತು. ಬೇರೆ ಯಾವ ದೇಶದವರೂ ಅಷ್ಟು ಜನರಿರಲಿಲ್ಲ. ಅಂದು ದಾನಿಗಳು ಕಳುಹುತ್ತಿದ್ದರು, ಇಂದು ಬ್ಯಾಂಕುಗಳ ಸಾಲವು ಕಳುಹುತ್ತಿದೆ. ಇದರಲ್ಲಿ ಒಂದು ಸೂಕ್ಷ್ಮವಿದೆ. ದಾನದಿಂದ ಕಲಿತವನಿಗೆ ಸಮಾಜದ ಋಣದ ನೆನಪಿದ್ದಿತು. ಸಾಲದಿಂದ ಕಲಿತವನಿಗೆ ಬಡ್ಡಿಯ ನೆನಪು ಮಾತ್ರ. ಹೊಲವನ್ನು ಒತ್ತೆಯಿಟ್ಟು ಮಗನನ್ನು ಕಳುಹಿದ ತಂದೆಯ ಸಾಲವನ್ನು ತೀರಿಸಲು ಹೆಚ್ಚು ಸಂಬಳದ ನಾಡಿನಲ್ಲಿಯೇ ಅವನು ನಿಲ್ಲಬೇಕಾಗುವದು. ಹಾಗೆ ನಿಂತವನನ್ನು ದೂರುವದು ಸುಲಭ, ನ್ಯಾಯವಲ್ಲ.

ಮೇಲಾಗಿ, ನಿಂತವರೆಲ್ಲ ಮರೆತವರಲ್ಲ. 1978ರಲ್ಲಿ ಉತ್ತರ ಅಮೇರಿಕೆಯ ಭಕ್ತರು ವೀರಶೈವ ಸಮಾಜವನ್ನು ಕಟ್ಟಿಕೊಂಡರು. ವೈದ್ಯರಾಗಿ ಇಂಗ್ಲೆಂಡಿಗೆ ಹೋದ ಕಲಬುರ್ಗಿಯ ಡಾ. ನೀರಜ ಪಾಟೀಲರು 2010-11ರಲ್ಲಿ ಲಂಡನ್ನಿನ ಲ್ಯಾಂಬೆತ್ ವಿಭಾಗದ ಮೇಯರರಾದರು. ಅವರ ಪ್ರಯತ್ನದಿಂದ ಥೇಮ್ಸ್ ನದಿಯ ದಡದಲ್ಲಿ ಸ್ಥಾಪಿತವಾದ ಬಸವೇಶ್ವರರ ಮೂರ್ತಿಯನ್ನು 2015ರ ನವ್ಹೆಂಬರ 14ರಂದು ಭಾರತದ ಪ್ರಧಾನಮಂತ್ರಿಗಳು ಅನಾವರಣಗೊಳಿಸಿದರು. ಯಾವ ಪಟ್ಟಣದ ಪದವಿಗಾಗಿ ಒಂದು ಕಾಲಕ್ಕೆ ನಮ್ಮವರು ಕೈಚಾಚಿ ನಿಂತಿದ್ದರೋ, ಆ ಪಟ್ಟಣದಲ್ಲಿ ಇಂದು ಕಲ್ಯಾಣದ ಅಣ್ಣನು ನಿಂತಿದ್ದಾನೆ.

ಹಾಗಾದರೆ ಹೊರಟುನಿಂತ ತರುಣ ತರುಣಿಯರಿಗೆ ಮಠವು ಏನು ಹೇಳಬೇಕು? ಹೋಗಬೇಡಿರೆಂದು ಹೇಳುವದು ಜಂಗಮಧರ್ಮಕ್ಕೆ ಸಲ್ಲದು. ಹೆಣ್ಣುಮಗಳೆಂದು ತಡೆಯುವವರು ಉಡುತಡಿಯಿಂದ ಕಲ್ಯಾಣಕ್ಕೆ ಒಬ್ಬಳೇ ನಡೆದ ಅಕ್ಕನನ್ನು ನೆನೆಯಬೇಕು. ಕಾಯಕದಿಂದ ಬಂದುದನ್ನು ದಾಸೋಹಕ್ಕೆ ಸಲ್ಲಿಸಬೇಕೆಂಬ ಶರಣರ ನಿಯಮವು ವಿದ್ಯೆಗೂ ಅನ್ವಯಿಸುವದೆಂಬ ಒಂದು ಮಾತನ್ನು ಮಾತ್ರ ಅವರ ಕಿವಿಯಲ್ಲಿ ಹೇಳಿದರೆ ಸಾಕು. ತಿರುಗಿ ಬಂದವನು ಕಲಿಸುವದರಿಂದ ಸಲ್ಲಿಸಲಿ; ಬಾರದವನು ತನ್ನ ಹಿಂದೆ ಒಬ್ಬ ಬಡ ವಿದ್ಯಾರ್ಥಿಯನ್ನು ಓದಿಸುವದರಿಂದ ಸಲ್ಲಿಸಲಿ. ಒಬ್ಬನು ಮತ್ತೊಬ್ಬನನ್ನು ಕೈಹಿಡಿದು ಮೇಲೆತ್ತಿದರೆ ಸಿರಸಂಗಿಯ ದೇಸಾಯಿಯವರ ತ್ಯಾಗವು ಎಂದಿಗೂ ಬತ್ತದು.

ನಿಂಬರ್ಗಾದ ತೊಗರಿಯ ಹೊಲಗಳಿಂದ ಎದ್ದುಹೋದ ಮಕ್ಕಳು ಎಲ್ಲಿಯೇ ಇರಲಿ, ಶ್ರೀಗುರುವಿನ ಕೃಪೆಯು ಅವರ ಮೇಲಿರಲಿ. ಅವರ ವಿದ್ಯೆಯ ಬೆಳಕು ಈ ನೆಲದ ಹಣತೆಗಳನ್ನೂ ಹೊತ್ತಿಸಲಿ.

ಸರ್ವೇಜನಾಃ ಸುಖಿನೋ ಭವಂತು.